ಎಂಟು ಡಬ್ಬಿ ಸ್ನೋ

ನನ್ನ ಮದುವೆಗೆ ಆಯೇರಿಯ ಉಡುಗೊರೆಯಾಗಿ ಬಂದದ್ದು ಸ್ಟೀಲಿನ ಚರಿಗೆ ಎರಡು, ಗೋಡೆ ಗಡಿಯಾರ ಒಂದು, ಮುಖಕ್ಕೆ ಹಚ್ಚುವ ಸ್ನೋ ಎಂಟು ಡಬ್ಬಿ. ಗಡಿಯಾರ ಆರು ತಿಂಗಳಿಗೆ ನಿಂತಿತು. ಚರಿಗೆಗಳಲ್ಲಿ ಒಂದು ಯಾರದೋ ಮನೆಯ ಕಾರ್ಯಕ್ಕೆ ಹೋಗಿ ತಿರುಗಿ ಬರಲಿಲ್ಲ. ಸ್ನೋ ಮಾತ್ರ ಗಟ್ಟಿ ಜೀವ. ಅದು ನನ್ನ ಸಂಸಾರದಲ್ಲಿ ಹತ್ತು ವರ್ಷಕ್ಕೂ ಮಿಕ್ಕಿ ಬಾಳಿತು.

ಎಪ್ಪತ್ತರ ದಶಕದ ನಡುವಿನ ಮಾತು ಇದು. ಬಾಗಲಕೋಟೆಯ ತವರಿನಿಂದ ಇಳಕಲ್ಲಿಗೆ ಸೊಸೆಯಾಗಿ ಬಂದಿದ್ದೆ. ಗಂಡ ಹುನಗುಂದದ ಒಂದು ಕಚೇರಿಯಲ್ಲಿ ಗುಮಾಸ್ತರು, ದಿನಾ ಬಸ್ಸಿಗೆ ಹೋಗಿ ಬರುವವರು. ಮನೆಯಲ್ಲಿ ನಾನು ಮತ್ತು ಅತ್ತೆ. ಸ್ನೋ ಕೊಟ್ಟ ಎಂಟು ಮಂದಿ ತಮ್ಮತಮ್ಮಲ್ಲಿ ಮಾತಾಡಿಕೊಂಡಿರಲಿಲ್ಲ. ಕೆರೂರಿನ ಮಾವ, ಗುಳೇದಗುಡ್ಡದ ದೊಡ್ಡವ್ವ, ಇನ್ನೂ ಆರು ಮಂದಿ ಬೇರೆ ಬೇರೆ ಊರಲ್ಲಿ ಕೂತು ಒಂದೇ ವಿಚಾರ ಮಾಡಿದ್ದರು. ಹುಡುಗಿ ಕಪ್ಪು, ಪಾಪ, ಏನಾದರೂ ಹಚ್ಚಿಕೊಳ್ಳಲಿ. ಮಂಟಪದಲ್ಲಿ ಒಬ್ಬೊಬ್ಬರಾಗಿ ಬಂದು, ನನ್ನ ಮುಖವನ್ನೂ ಡಬ್ಬಿಯ ಮೇಲಿದ್ದ ಹೆಂಗಸಿನ ಮುಖವನ್ನೂ ಹೋಲಿಸಿ ನೋಡಿ, ನಿಟ್ಟುಸಿರು ಬಿಟ್ಟು ಕೈಗಿಟ್ಟರು. ಎಂಟು ಸಲ ನಮಸ್ಕಾರ ಮಾಡಿ ಇಸಿದುಕೊಂಡೆ.

ಅತ್ತೆ ಜಿಪುಣಿ ಅಲ್ಲವೆಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಬಂದ ವಾರದಲ್ಲೇ ನನ್ನ ಟ್ರಂಕು ತೆಗೆಸಿ ಸಾಮಾನು ಹಗ್ಗದ ಹೊರಸಿನ ಮೇಲೆ ಹರವಿಸಿದರು. ಸ್ನೋ ಎಂಟು, ಪೌಡರ್ ನಾಲ್ಕು, ಉಗುರಿನ ಬಣ್ಣ ಎರಡು ಬಾಟಲಿ, ಮುಂಬೈಯಿಂದ ಯಾರೋ ತಂದುಕೊಟ್ಟಿದ್ದ ಒಂದು ತುಟಿಬಣ್ಣ, ಮತ್ತು ನನ್ನ ಸ್ವಂತದ್ದೆಂದರೆ ಅರ್ಧ ತೀರಿದ ಒಂದು ಕಾಡಿಗೆ ಡಬ್ಬಿ. ಸಂಸ್ಥಾನದ ಖಜಾನೆ ನೋಡುವವರಂತೆ ಒಂದೊಂದನ್ನೂ ಎತ್ತಿ ನೋಡಿ ತೀರ್ಪು ಕೊಟ್ಟರು.

"ಇಷ್ಟು ತೀರೂತನಾ ಈ ಮನಿ ಹೊಸಲಿ ದಾಟಿ ಹೊಸಾದು ಒಂದು ಪಿನ್ನ ಸೈತ ಬರಂಗಿಲ್ಲ, ನೋಡವಾ."

"ಕಾಡಿಗಿ ಈ ತಿಂಗಳದಾಗ ತೀರತೈತ್ರಿ ಅತ್ತಿ," ಎಂದೆ.

"ತೀರ್ಲಿ. ಸ್ನೋ ತೀರಿದ ಮ್ಯಾಲೆ ಕಾಡಿಗಿ."

ನನ್ನ ಮುಖದಲ್ಲಿ ಜನ ಒಳ್ಳೆಯ ಮಾತಾಡುತ್ತಿದ್ದದ್ದು ಕಣ್ಣಿನ ಬಗ್ಗೆ ಒಂದೇ. ಹತ್ತನೇ ವಯಸ್ಸಿನಿಂದ ಕಾಡಿಗೆ ಇಲ್ಲದೆ ನಾನು ಬಾಗಿಲಾಚೆ ಕಾಲಿಟ್ಟವಳಲ್ಲ. ಅಂಥವಳಿಗೆ ಈಗ ಕಾಡಿಗೆ ಬೇಕಾದರೆ ಎಂಟು ಡಬ್ಬಿ ಸ್ನೋ ದಾಟಿ ಹೋಗಬೇಕು. ಅತ್ತೆ ದೀಪದ ಮಸಿಗೆ ಹರಳೆಣ್ಣೆ ಕಲಸಿ ಕೊಟ್ಟರು. ಅದನ್ನು ಹಚ್ಚಿಕೊಂಡರೆ ಮಧ್ಯಾಹ್ನದೊಳಗೆ ಕೆನ್ನೆಗೆ ಇಳಿದು, ಗಂಡ ಹೊಡೆಯುತ್ತಾನೇನೋ ಎಂದು ಓಣಿಯವರು ಕೇಳತೊಡಗಿದರು.

ಹಾಗಾಗಿ ಸ್ನೋ ತೀರಿಸುವ ಕೆಲಸಕ್ಕೆ ಟೊಂಕ ಕಟ್ಟಿದೆ. ಈ ಕೆಲಸದಲ್ಲಿ ನನ್ನ ಜೊತೆಗಾತಿ ಪಕ್ಕದ ಮನೆಯ ನೇಕಾರರ ಮಗಳು. ಹದಿನೇಳರ ಹುಡುಗಿ, ನನಗಿಂತ ಒಂದು ಕೈ ಹೆಚ್ಚೇ ಕಪ್ಪು, ಬಾಯಿ ಮಾತ್ರ ಕತ್ತರಿ. ಸೀರೆಯ ಮೈಗೆ ಸೆರಗು ಜೋಡಿಸಲು ಎಳೆ ಎಳೆ ಕೂಡಿಸುವ ಕೊಂಡಿ ಕೆಲಸದಲ್ಲಿ ಅವಳ ಬೆರಳಿನಷ್ಟು ಚುರುಕು ಆ ಓಣಿಯಲ್ಲಿ ಇನ್ನೊಂದಿರಲಿಲ್ಲ. ಕೆಲಸ ಮುಗಿಸಿ ನಮ್ಮ ಪಡಸಾಲೆಗೆ ಬಂದು ಕೂರುತ್ತಿದ್ದಳು, ಅತ್ತಿಗೆ ಎನ್ನುವುದಕ್ಕೆ ನನ್ನನ್ನು ವೈನಿ ಎನ್ನುತ್ತಿದ್ದಳು. ಹೊಸ ಊರಿನಲ್ಲಿ ನಾನು ಬಾಯಿ ತುಂಬ ನಕ್ಕದ್ದು ಅವಳ ಜೊತೆಗೇ.

ಮೊದಲ ಡಬ್ಬಿಯನ್ನು ಅದರ ಧರ್ಮದಂತೆ ಮುಖಕ್ಕೇ ಹಚ್ಚಿ ನೋಡಿದೆವು. ಬೇಸಿಗೆಯ ಇಳಕಲ್ಲು. ಹಚ್ಚಿದ ಕಾಲು ಗಂಟೆಗೆ ಬೆವರು ಹನಿಹನಿಯಾಗಿ ಸ್ನೋ ಮೇಲೆ ಎದ್ದು ನಿಂತಿತು. ಕನ್ನಡಿಯಲ್ಲಿ ಇಬ್ಬರೂ ಬೂದಿ ಮೆತ್ತಿದ ಬದನೆಕಾಯಿಯ ಹಾಗೆ ಕಂಡೆವು.

"ವೈನಿ, ಮಂದಿಗೆ ನಮ್ಮನ್ನ ಸುಣ್ಣಾ ಬಳದ ಗ್ವಾಡಿ ಮಾಡೂ ಹುಕಿ ನೋಡ್ರಿ," ಎಂದಳು. "ಗ್ವಾಡಿಗ್ಯಾದ್ರ ಎರಡ ಸಲಾ ಬಳದ್ರ ಸಾಕು. ನಮಗ ಹುಟ್ಟಿದಾಗಿಂದ ಬಳ್ಯಾಕತ್ತಾರ."

ಆಮೇಲೆ ಸ್ನೋ ಮುಖ ಬಿಟ್ಟು ಬೇರೆಲ್ಲ ಕಡೆಗೆ ಹೋಯಿತು. ಅತ್ತೆಯ ಒಡೆದ ಹಿಮ್ಮಡಿಗೆ ಒಂದೂವರೆ ಡಬ್ಬಿ ಹಿಡಿಸಿತು. ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಬೆಳ್ಳಗಿದ್ದದ್ದು ಅವರ ಹಿಮ್ಮಡಿ. ಗಂಡನ ಚಪ್ಪಲಿಗೆ ಹಚ್ಚಿದೆ, ಕಿರುಗುಟ್ಟುವ ಕದಕ್ಕೆ ಹಚ್ಚಿದೆ. ಮಗ್ಗದ ಲಾಳಿ ಸಲೀಸಾಗಿ ಓಡಲಿ ಎಂದು ಹುಡುಗಿ ಅದಕ್ಕೂ ಬಳಿದು, ನೂಲಿಗೆ ಕಲೆ ಹತ್ತಿಸಿ, ಅಪ್ಪನಿಂದ ಹಿಗ್ಗಾಮುಗ್ಗಾ ಬೈಸಿಕೊಂಡಳು. ಪೌಡರನ್ನು ನನ್ನ ಗಂಡ ಮತ್ತು ಅವರ ಗೆಳೆಯರು ಕೇರಮ್ ಬೋರ್ಡಿಗೆ ಸುರಿದು ತೀರಿಸಿದರು. ನನ್ನ ಸಾಮಾನಿನಲ್ಲಿ ಸಂತೋಷದಿಂದ ಖರ್ಚಾದದ್ದು ಅದೊಂದೇ.

ಉಗುರಿನ ಬಣ್ಣಕ್ಕೂ ದಾರಿ ಸಿಕ್ಕಿತು. ಮಂದಿ ಮನೆಯ ಮದುವೆಗೆ ಹೋದ ಪಾತ್ರೆ ಅದಲುಬದಲಾಗದಿರಲಿ ಎಂದು ಪ್ರತಿಯೊಂದರ ತಳಕ್ಕೆ ಕೆಂಪು ಚುಕ್ಕಿ ಇಡಲು ಅತ್ತೆ ಹೇಳಿದರು. ಒಂದು ಚರಿಗೆ ಕಳೆದುಕೊಂಡ ಮೇಲೆ ಬಂದ ಬುದ್ಧಿ. ನಾನೂ ಹುಡುಗಿಯೂ ಕೂತು ತಾಟು, ತಂಬಿಗೆ, ಪರಾತಕ್ಕೆಲ್ಲ ಚುಕ್ಕಿ ಇಟ್ಟೆವು. ಕುಂಚದಲ್ಲಿ ಇನ್ನೂ ಬಣ್ಣ ಉಳಿದಿತ್ತು. ಅವಳು ಎದ್ದು ಹೋಗಿ, ಉಳಿದ ಐದು ಸ್ನೋ ಡಬ್ಬಿ ತಂದು ಬುಡ ಮೇಲು ಮಾಡಿ ಅವಕ್ಕೂ ಒಂದೊಂದು ಚುಕ್ಕಿ ಇಟ್ಟಳು.

"ಇವೂ ಊರ ತಿರಗಾಕ ಹೋಗೂವ, ವೈನಿ. ಗುರ್ತ ಇರ್ಲಿ."

ಅವಳು ಹೇಳಿದ್ದು ಖರೆಯಾಯಿತು. ನಮ್ಮ ಕಡೆಯ ಆಯೇರಿಗೆ ಒಂದು ಕಟ್ಟಳೆ ಉಂಟು. ಹೊಲಿಸದ ಕುಪ್ಪಸದ ಖಣ, ಸೀಲು ಒಡೆಯದ ಡಬ್ಬಿ ಯಾರ ಸ್ವತ್ತೂ ಅಲ್ಲ. ಅದು ಒಂದು ಉಡಿಯಿಂದ ಇನ್ನೊಂದು ಉಡಿಗೆ ನಡೆಯುತ್ತಲೇ ಇರಬೇಕು. ಒಡೆದರೆ ಮಾತ್ರ ಅದು ಆ ಮನೆಗೆ ಸೇರಿದ್ದು. ಹುನಗುಂದದ ಒಂದು ಮದುವೆಗೆ ನಾವು ಕೊಟ್ಟ ಡಬ್ಬಿ ವರ್ಷ ತುಂಬುವುದರೊಳಗೆ ಐಹೊಳೆಯ ನೆಂಟರ ಕೈಯಿಂದ ನಮಗೇ ವಾಪಸು ಬಂತು. ಬುಡ ನೋಡಿದರೆ ಕೆಂಪು ಚುಕ್ಕಿ. ಹುಡುಗಿಯೂ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅತ್ತೆ ನಗಲಿಲ್ಲ, ಅದನ್ನು ಒರೆಸಿ ಮುಂದಿನ ಮದುವೆಗೆ ಎತ್ತಿಟ್ಟರು.

ಒಂದು ಮಾತನ್ನು ಮಾತ್ರ ನಾನು ಆಗ ಗಮನಿಸಲಿಲ್ಲ, ಅಥವಾ ಗಮನಿಸಿಯೂ ಸುಮ್ಮನಿದ್ದೆ. ಕೊಡುವಾಗ ನಾವು ಮದುಮಗಳ ಮುಖ ನೋಡಿಯೇ ಕೊಡುತ್ತಿದ್ದೆವು. ಬೆಳ್ಳಗಿನ ಹುಡುಗಿಗೆ ಖಣ, ಕಪ್ಪು ಹುಡುಗಿಗೆ ಸ್ನೋ. ಈ ವಿಂಗಡಣೆಯನ್ನು ನನಗೆ ಯಾರೂ ಕಲಿಸಬೇಕಾಗಲಿಲ್ಲ. ನಿಟ್ಟುಸಿರೂ ತನ್ನಷ್ಟಕ್ಕೆ ತಾನೇ ಬರುತ್ತಿತ್ತು.

ಮೂರನೆಯ ವರ್ಷಕ್ಕೆ ಒಂದೇ ಡಬ್ಬಿ ಉಳಿಯಿತು. ಅದೇ ಹೊತ್ತಿಗೆ ಪಕ್ಕದ ಮನೆಯ ಹುಡುಗಿಗೆ ಕಮತಗಿಯಲ್ಲಿ ಗಂಡು ಗೊತ್ತಾಯಿತು. ಮದುವೆಯ ಮುಂಜಾನೆ ನಾನು ಉಡಿ ತುಂಬಲು ತಟ್ಟೆ ಹೊಂದಿಸುತ್ತಿದ್ದೆ. ಅಕ್ಕಿ, ಉತ್ತತ್ತಿ, ಅಡಕೆ, ಕೊಬ್ಬರಿ ಬಟ್ಟಲು. ಅವಳಿಗೆಂದು ಒಂದು ಖಣ ತೆಗೆದಿಟ್ಟಿದ್ದೆ, ಹಸಿರು ಅಂಚಿನದು.

"ಖಣ ಯಾಕವಾ? ಆ ಸ್ನೋ ಡಬ್ಬಿ ಕೊಟ್ಟು ಕೈ ತೊಳಕೋ," ಎಂದರು ಅತ್ತೆ. "ಆ ಹುಡುಗಿಗೂ ಬೇಕಾದ್ದ. ಅದೊಂದು ತೀರಿದ್ರ ನಾಳೆ ನಿನ್ನ ಕಾಡಿಗಿ ತಂದುಕೋ."

ನಾನು ಯೋಚನೆ ಮಾಡಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಾಡಿದೆ, ಒಂದು ಕ್ಷಣ. ಆಮೇಲೆ ಖಣವನ್ನು ಟ್ರಂಕಿಗೆ ಹಾಕಿ ಡಬ್ಬಿಯನ್ನು ತಟ್ಟೆಯಲ್ಲಿಟ್ಟೆ. ಅವಳು ಮಣೆಯ ಮೇಲೆ ಕೂತಿದ್ದಳು, ಮುಖದ ತುಂಬ ಅರಿಷಿಣ. ಡಬ್ಬಿ ಉಡಿಗೆ ಬಿದ್ದಾಗ ನಗು ಇನ್ನೂ ಮುಖದ ಮೇಲಿತ್ತು. ಅದನ್ನು ಎತ್ತಿ, ಬುಡ ಹೊರಳಿಸಿ, ತಾನೇ ಇಟ್ಟ ಚುಕ್ಕಿಯನ್ನು ನೋಡಿದಳು. ನನ್ನನ್ನು ನೋಡಲಿಲ್ಲ. ಮದುಮಗಳು, ನಾಚಿಕೆ, ಎಂದುಕೊಂಡೆ. ಮರುದಿನವೇ ಪೇಟೆಗೆ ಹೋಗಿ ಕಾಡಿಗೆ ಕೊಂಡು ತಂದೆ. ಎಂಟು ಡಬ್ಬಿ ಗೆದ್ದ ಖುಷಿಯಲ್ಲಿ ಎರಡೂ ಕಣ್ಣಿಗೆ ದಪ್ಪಗೆ ಎಳೆದುಕೊಂಡು, ಇಡೀ ಓಣಿ ಸುತ್ತಿ ಬಂದೆ.

ಮುಂದೆ ಗಂಡನಿಗೆ ಬಾದಾಮಿಗೆ ವರ್ಗವಾಯಿತು. ಅತ್ತೆಯೂ ಬಂದರು, ಅವರ ಕಾಯ್ದೆಯೂ ಬಂತು. ಉಳಿದಿದ್ದದ್ದು ತುಟಿಬಣ್ಣ ಒಂದೇ. ಅದನ್ನು ಬಾದಾಮಿಯ ಮಂಗವೊಂದು ಕಿಟಕಿಯಿಂದ ಎತ್ತಿಕೊಂಡು ಹೋಗಿ, ಅರ್ಧ ತಿಂದು, ಕೆಂಪು ಬಾಯಿ ಮಾಡಿಕೊಂಡು ಮಾಳಿಗೆಯ ಮೇಲೆ ಕೂತಿತು. "ಚೊಲೋ ಆತು, ಅದೂ ತೀರಿತು," ಎಂದರು ಅತ್ತೆ.

ಅಲ್ಲಿ ಮಗಳು ಹುಟ್ಟಿದಳು. ನನ್ನದೇ ಬಣ್ಣ, ನನ್ನದೇ ಕಣ್ಣು. ಅವಳಿಗೆ ಮಾತು ತಿಳಿಯುವ ಹೊತ್ತಿಗೆ ಅತ್ತೆ ದಿನಾ ಕಡಲೆ ಹಿಟ್ಟು, ಹಾಲಿನ ಕೆನೆ ಕಲಸಿ ಅವಳ ಮುಖ ತಿಕ್ಕತೊಡಗಿದ್ದರು. ಆರು ವರ್ಷದ ಕೂಸು ಒಂದು ದಿನ ಶಾಲೆಯಿಂದ ಬಂದು, "ಅವ್ವಾ, ನಾ ಯಾವಾಗ ಬೆಳ್ಳಗ ಆಗ್ತೇನಿ?" ಎಂದು ಕೇಳಿತು. ಬಸ್ಸು ಯಾವಾಗ ಬರುತ್ತದೆ ಎಂದು ಕೇಳುವ ದನಿ. ಅತ್ತೆಯ ಮೇಲೆ ಹರಿಹಾಯ್ದೆ. ಮನುಷ್ಯರ ಬಣ್ಣದ ಬಗ್ಗೆ, ಮಂದಿಯ ಕೆಟ್ಟ ಬುದ್ಧಿಯ ಬಗ್ಗೆ ದೊಡ್ಡ ಭಾಷಣವನ್ನೇ ಮಾಡಿದೆ. ಅಷ್ಟು ಚೆನ್ನಾಗಿ ಮಾತಾಡಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ.

ಆ ಭಾಷಣದ ಬಿಸಿ ಆರುವ ಮೊದಲೇ, ಅದೇ ವಾರ, ಕಮತಗಿಯಿಂದ ಆ ನೇಕಾರರ ಮಗಳು ಬಂದಳು. ಊರ ಹತ್ತಿರದ ಬನಶಂಕರಿ ಗುಡಿಗೆ ಬಂದವಳು ವಿಳಾಸ ಕೇಳಿಕೊಂಡು ಮನೆಗೆ ಬಂದಿದ್ದಳು. ಮೈ ತುಂಬಿತ್ತು, ಬಾಯಿ ಹಾಗೆಯೇ ಇತ್ತು. ನಾನು ಕುಣಿದಾಡಿಬಿಟ್ಟೆ. ಚಹಾ ಇಟ್ಟೆ, ಇಳಕಲ್ಲಿನ ಓಣಿಯ ಸುದ್ದಿ ಕೇಳಿದೆ. ಕೂಸಿದ್ದ ಮನೆಗೆ ಬರಿಗೈಲಿ ಬರಬಾರದಲ್ಲ, ಮಗಳನ್ನು ಕರೆದು ಕೂರಿಸಿ ಲಂಗದಲ್ಲಿ ಬಾಳೆಹಣ್ಣು ಹಾಕಿದಳು, ಕೊಬ್ಬರಿ ಬಟ್ಟಲು ಹಾಕಿದಳು. ಕೊನೆಗೆ ಚೀಲದ ತಳದಿಂದ ಒಂದು ಡಬ್ಬಿ ತೆಗೆದು ಅವುಗಳ ಮೇಲಿಟ್ಟಳು, ಬುಡ ಮೇಲು ಮಾಡಿ. ಕೆಂಪು ಚುಕ್ಕಿ.

"ನೀವು ಕೊಟ್ಟದ್ದು, ವೈನಿ. ಹಾಳ ಮಾಡಿಲ್ರಿ, ಸೀಲ ಸೈತ ಒಡದಿಲ್ಲ." ನನ್ನ ಮಗಳ ಮುಖ ನೋಡಿದಳು. "ಈಗ ನಿಮ್ಮ ಮನ್ಯಾಗ ಬೇಕಾಗಿರತೈತಿ ಅಂತ ತಂದೆ."

ಅತ್ತೆಗೆ ಮಾಡಿದ ಭಾಷಣದ ಒಂದೊಂದು ಮಾತೂ ತಿರುಗಿ ಬಂದು ನನ್ನ ಕೆನ್ನೆಗೆ ಬಿತ್ತು. "ತಪ್ಪಾತು," ಎಂದೆ.

"ಆ ದಿನಾ ನನಗ ನಾಕ ಡಬ್ಬಿ ಬಂದಿದ್ವು," ಎಂದಳು, ದನಿ ಏರಿಸದೆ. "ಮೂರು ಮಂದಿ ಕೊಟ್ರು, ನಕ್ಕೊಂತ ಇಸಗೊಂಡೆ. ಸಂಜಿಕ ನಿಮಗ ಹೇಳಿ ಇಬ್ಬರೂ ನಗೂಣು ಅಂತಿದ್ದೆ. ನಾಕನೇದ್ದು ನೀವು ಕೊಟ್ರಿ. ಮತ್ತ ಯಾರಿಗಿ ಹೇಳ್ಲಿ?"

ಅಷ್ಟರಲ್ಲಿ ಅತ್ತೆ ಒಳಗಿನಿಂದ ಬಂದರು. ಡಬ್ಬಿ ಕಂಡದ್ದೇ ಅವರ ಮುಖ ಅರಳಿತು.

"ಅಯ್ಯ, ಹೊಸಾ ಡಬ್ಬಿ! ಎತ್ತಿಡವಾ. ಮುಂದಿನ ತಿಂಗಳ ಕೆರೂರಾಗ ಮದಿವಿ ಐತಿ, ಆ ಹುಡುಗೀನೂ ಭಾಳ ಕಪ್ಪಂತ."

ನಾನು ಮಗಳ ಮಡಿಲಿನಿಂದ ಡಬ್ಬಿ ಎತ್ತಿಕೊಂಡೆ. ಮುಚ್ಚಳದ ಸುತ್ತ ಅಂಟಿಸಿದ್ದ ಕಾಗದದ ಪಟ್ಟಿಯನ್ನು ಉಗುರಿನಿಂದ ಹರಿದೆ. ತುಕ್ಕು ಹಿಡಿದ ಮುಚ್ಚಳ ತಿರುಗಿಸಲು ಸೆರಗು ಸುತ್ತಿ ಹಿಡಿಯಬೇಕಾಯಿತು. ಒಳಗೆ ಸ್ನೋ ಒಣಗಿ, ಕುಗ್ಗಿ, ಡಬ್ಬಿಯ ಅಂಚು ಬಿಟ್ಟು ನಿಂತಿತ್ತು. ಬೆರಳು ಚುಚ್ಚಿದೆ, ಸುಣ್ಣದ ಹರಳಿನಂತೆ ಒಡೆಯಿತು.

"ಸೀಲ ಒಡದ್ಯಲ್ಲ! ಇನ್ನ ಯಾರಿಗೂ ಕೊಡಾಕ ಬರಂಗಿಲ್ಲ!" ಅತ್ತೆ ಕೂಗಿದರು.

"ಅದಕ್ಕ ಒಡದೇನ್ರಿ, ಅತ್ತಿ."

ಮಗಳು ಬಗ್ಗಿ ಡಬ್ಬಿಯೊಳಗೆ ನೋಡಿ, "ಇದನ್ನ ಎಲ್ಲಿ ಹಚ್ಚೂದು?" ಎಂದು ಕೇಳಿದಳು.

"ನಿಮ್ಮ ಆಯಿ ಹಿಮ್ಮಡಕ್ಕ," ಎಂದಳು ಕಮತಗಿಯವಳು, ಅತ್ತೆಯ ಕಾಲ ಕಡೆ ನೋಡಿ. ಮೊದಲಿನ ದನಿ, ಮೊದಲಿನ ಚುರುಕು. ನಾನು ನಗಲು ಹೋದೆ. ನಗು ಬರುವ ಬದಲು ಕಣ್ಣು ತುಂಬಿ ಹರಿಯಿತು. ಅವಳು ಚಹಾದ ಬಟ್ಟಲು ಕೆಳಗಿಟ್ಟು ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಂಡು, ಅಂದು ಮಣೆಯ ಮೇಲೆ ಕೂತಾಗ ನೋಡದ ನನ್ನ ಮುಖವನ್ನು ಈಗ ನೆಟ್ಟಗೆ ನೋಡಿದಳು.

"ಕಾಡಿಗಿ ಇಳದೈತ್ರಿ, ವೈನಿ. ಒರಸ್ಕೋರಿ," ಎಂದು ಹೇಳಿ ಬಸ್ಸಿಗೆ ಹೊರಟಳು.