ಹೆಳವನ ಬಾಯಲ್ಲಿ ನಮ್ಮಜ್ಜ

ಚನ್ನರಾಯಪಟ್ಟಣದಲ್ಲಿ ನಮ್ಮ ಇದ್ದಿಲು ಬಸ್ಸು ಎಂದಿನಂತೆ ತಪಸ್ಸಿಗೆ ಕುಳಿತಿತ್ತು. ಡ್ರೈವರು ಅದರ ಒಲೆಗೆ ಗಾಳಿ ಹಾಕುತ್ತಿದ್ದ. ಅಷ್ಟರಲ್ಲಿ ಎತ್ತಿನ ಮೇಲೆ ನಮ್ಮ ಮನೆತನದ ಹೆಳವ ಬಂದ. ವಂಶಗಳ ಹುಟ್ಟುಸಾವುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು ಊರೂರು ತಿರುಗುವವನು. ಹಾಸನದಲ್ಲಿರುವ ನನ್ನ ತಂದೆ ಎಳೆಗೂಸಾಗಿದ್ದಾಗಲೇ ಅಜ್ಜ ತೀರಿಕೊಂಡಿದ್ದರು. ತಮ್ಮ ಅಪ್ಪ ಎಂಥವರೆಂದು ತಂದೆ ಈ ವಯಸ್ಸಿನಲ್ಲೂ ಕಂಡವರನ್ನೆಲ್ಲ ಕೇಳುತ್ತಾರೆ.

"ನಮ್ಮಜ್ಜನದಷ್ಟೇ ಹೇಳಪ್ಪಾ, ಬಸ್ಸು ಹೊರಡುತ್ತೆ" ಎಂದೆ.

"ಬುಡ ಬುಟ್ಟು ಕೊಂಬೆಯಿಂದ ಮರ ಅತ್ತಕ್ಕಾಯ್ತದಾ ಸಾ?" ಎಂದು ಹೆಳವ ಮೂಲಪುರುಷನಿಂದಲೇ ಶುರುಮಾಡಿದ.

ನಮ್ಮವರಲ್ಲಿ ಯಾರೂ ಆನೆ ಏರಲಿಲ್ಲ, ಕೋಟೆ ಗೆಲ್ಲಲಿಲ್ಲ. ಎಲ್ಲರೂ ಗಂಭೀರವಾಗಿ ಹುರುಳಿ ಬಿತ್ತಿದರು, ಮದುವೆಯಾದರು. ಮುತ್ತಜ್ಜನ ಮದುವೆ ನಡೆಯುತ್ತಿರುವಾಗ ಎಂಜಿನ್ನು ಗುಡುಗಿತು.

"ಅತ್ತಿ ಸಾ!" ಎಂದ ಡ್ರೈವರು.

"ನಮ್ಮಜ್ಜ ಇನ್ನೂ ಹುಟ್ಟಿಲ್ಲವಯ್ಯಾ!" ಎಂದು ಅಂಗಲಾಚಿದೆ.

"ಉಟ್ಲಿ ಬುಡಿ, ಕಾಯ್ತೀನಿ" ಎಂದು ಅವನು ಬೀಡಿ ಹಚ್ಚಿದ.

ಹೆಳವ ಮುಂದುವರಿಸಿದ: "ನಿಮ್ಮಜ್ಜಂದು ನುಗ್ಗೇಹಳ್ಳಿ ಸಂತೇಲಿ ಮೆಣಸಿನ್ಕಾಯಿ ಯಾಪಾರ. ಮಗ ಉಟ್ಟಿದ್ಮ್ಯಾಲೆ ಕೂಸ್ನ ಯಾರ ಕೈಗೂ ಕೊಡ್ನಿಲ್ಲ ಕಣ್ ಸಾ. ಎದೆಗೆ ಕಟ್ಕಂಡೇ ಸಂತೆ ಮಾಡ್ದ."

ಹೊದ್ದಿದ್ದ ಶಾಲನ್ನು ಹೆಳವನಿಗೆ ಹೊದಿಸಿ, ಕೈಮುಗಿದು ಬಸ್ಸು ಹತ್ತಿದೆ. ತಂದೆಯನ್ನು ಅವರಪ್ಪ ಎತ್ತಿಕೊಂಡಿದ್ದರಂತೆ. ಹಾಸನದಲ್ಲಿ ಚಪ್ಪಲಿ ಬಿಡುವ ಮೊದಲೇ ಅದನ್ನು ಹೇಳಬೇಕು.