ಟೋಕನ್ ಕೊಡುವ ಸಿಸ್ಟರ್

ಕ್ಲಾರಾ ನರ್ಸ್ ಅಲ್ಲ. ದುಬೈಯ ಸತ್ವಾದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಹನ್ನೊಂದು ವರ್ಷಗಳಿಂದ ರಿಸೆಪ್ಷನಿಸ್ಟ್. ಟೋಕನ್ ಕೊಡುವುದು, ಇನ್ಶೂರೆನ್ಸ್ ಕಾರ್ಡ್ ನೋಡುವುದು, ತುಳು ಕೊಂಕಣಿ ಬಿಟ್ಟು ಬೇರೆ ಬಾರದವರ ಮಾತನ್ನು ಡಾಕ್ಟರಿಗೆ ಹಿಂದಿಯಲ್ಲಿ ದಾಟಿಸುವುದು, ಇಷ್ಟೇ ಅವಳ ಕೆಲಸ. ಆದರೆ ಅವಳಿರುವ ಡಿಸ್ಕವರಿ ಗಾರ್ಡನ್ಸ್‌ನ ಕಟ್ಟಡದಲ್ಲಿ ಅವಳು ಸಿಸ್ಟರ್ ಕ್ಲಾರಾ. ಮೊದಮೊದಲು ತಿದ್ದುತ್ತಿದ್ದಳು, ಆಮೇಲೆ ಸುಸ್ತಾಗಿ ಬಿಟ್ಟಳು. ಕೇಳಲು ಹಿತವಾಗಿತ್ತು ಎಂಬುದೂ ನಿಜ.

ಊರಿಂದ ಬರುವವರ ಬ್ಯಾಗಿನಲ್ಲಿ ಕುಚ್ಚಲಕ್ಕಿ, ಉಪ್ಪಿನಕಾಯಿಯ ಜೊತೆಗೆ ಮಾತ್ರೆಗಳೂ ಬರುತ್ತವೆ. ಅವನ್ನು ಹಿಡಿದುಕೊಂಡು ಎಲ್ಲರೂ ಮೊದಲು ಬರುವುದು ಅವಳ ಬಾಗಿಲಿಗೆ. ಊಟಕ್ಕೆ ಮುಂಚೆಯೋ, ಆಮೇಲೆಯೋ? ಇದು ಅದೇನಾ? ಲಿಫ್ಟಿನಲ್ಲಿ ಬಿಡುವುದಿಲ್ಲ, ಸೂಪರ್ ಮಾರ್ಕೆಟ್ಟಿನಲ್ಲಿ ಬಿಡುವುದಿಲ್ಲ. ಒಮ್ಮೆ ಚರ್ಚಿನಲ್ಲಿ ಕಮ್ಯುನಿಯನ್ನಿಗೆ ಸಾಲು ನಿಂತಾಗಲೂ ಹಿಂದಿನಿಂದ ಯಾರೋ ಮೆಲ್ಲಗೆ ಗ್ಯಾಸ್ಟ್ರಿಕ್ಕಿನ ವಿಷಯ ತೆಗೆದಿದ್ದರು.

ಹಾಗಾದರೆ ಕಲಿತೇ ಬಿಡೋಣ ಎಂದು ಅವಳು ಪ್ರಾಕ್ಟಿಕಲ್ ನರ್ಸ್ ಕೋರ್ಸಿನ ಅರ್ಜಿ ತಂದಳು. ಒಂದೂವರೆ ವರ್ಷ ಸಂಜೆಯ ತರಗತಿ, ಆಮೇಲೆ ಲೈಸೆನ್ಸ್ ಪರೀಕ್ಷೆ. ಅರ್ಜಿ ಕೊಡಲು ಸೋಮವಾರ ಕೊನೆಯ ದಿನ. ತಂದದ್ದೇ ತಡ, ಎಲ್ಲರ ಬಾಯಿಗೂ ಕೆಲಸ ಸಿಕ್ಕಿತು. ಜೆಬೆಲ್ ಅಲಿಯ ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿರುವ ಗಂಡ ಸೆಡ್ರಿಕ್ ನಿನ್ನಿಷ್ಟ ಎಂದ, ಮರುಕ್ಷಣವೇ ಸಂಜೆಯ ಅಡಿಗೆ ಏನು ಮಾಡುವುದೆಂದು ಕೇಳಿದ. ನಾದಿನಿ ಪರ್ಲ್ ಅಬುಧಾಬಿಯ ಆಸ್ಪತ್ರೆಯಲ್ಲಿ ಡಿಗ್ರಿ ಓದಿದ ನರ್ಸ್. ಅವಳು ಫೋನಿನಲ್ಲಿ ಅರ್ಧ ಗಂಟೆ ಉಪದೇಶ ಮಾಡಿದಳು. ಮೂವತ್ತೊಂಬತ್ತನೆಯ ವಯಸ್ಸಿಗೆ ಇದೆಲ್ಲ ಯಾಕೆ, ಪ್ರಾಕ್ಟಿಕಲ್ ನರ್ಸ್ ಎಂದರೆ ರೋಗಿಗೆ ಸ್ನಾನ ಮಾಡಿಸುವುದು, ಹಾಸಿಗೆ ಬದಲಿಸುವುದು, ಒಂದು ಮಾತ್ರೆ ಕೊಡಬೇಕಾದರೂ ಮೇಲಿನವರನ್ನು ಕೇಳಬೇಕು ಎಂದಳು. ಮಗಳು ಸ್ಟೇಸಿ ಮೊಬೈಲಿನಿಂದ ತಲೆ ಎತ್ತದೆ, "ಮಮ್ಮಾ, ಜಸ್ಟ್ ಡಿಸೈಡ್, ಪ್ಲೀಸ್" ಎಂದಳು. ನಿನಗೇನು ಬೇಕು ಎಂದು ಒಬ್ಬರೂ ಕೇಳಲಿಲ್ಲ. ಕೇಳಿದ್ದರೂ ಅವಳಿಗೆ ಉತ್ತರ ಗೊತ್ತಿರಲಿಲ್ಲ, ಅದಕ್ಕೇ ಇನ್ನಷ್ಟು ಸಿಟ್ಟು. ಅರ್ಜಿ ಫ್ರಿಜ್ಜಿನ ಮೇಲೇ ಬಿದ್ದಿತ್ತು.

ಶನಿವಾರ ಕೆಳಗಿನ ಮನೆಯ ಜೆರಾಲ್ಡಂಕಲ್ ಬಸ್ ಹತ್ತುವಾಗ ತಲೆ ತಿರುಗಿ ಬಿದ್ದರು. ಮಗನ ಮನೆಗೆ ಬಂದು ಒಂದು ವರ್ಷವಾದರೂ ಹಿಂದಿ ಬಾರದ ಮನುಷ್ಯ. ಮಗ ಅವರನ್ನು ಕ್ಲಿನಿಕ್ಕಿಗೆ ತಂದು ಕೂರಿಸಿ, ಮಾತ್ರೆಗಳ ಚೀಲವನ್ನು ಕೌಂಟರಿನ ಮೇಲೆ ಸುರಿದು, ಕಾರ್ ನಿಲ್ಲಿಸಲು ಜಾಗ ಹುಡುಕುತ್ತ ಹೋದ. ಹೆಸರುಗಳನ್ನು ಬರೆದುಕೊಳ್ಳುವಾಗ ಕ್ಲಾರಾಳ ಕೈ ನಿಂತಿತು. ಇಲ್ಲಿನ ಡಾಕ್ಟರ್ ಕೊಟ್ಟ ಬಿಪಿ ಮಾತ್ರೆಗೆ ಒಂದು ಹೆಸರು, ಊರಿಂದ ಬಂದದ್ದಕ್ಕೆ ಇನ್ನೊಂದು. ಕೆಳಗೆ ಸಣ್ಣ ಅಕ್ಷರದಲ್ಲಿದ್ದ ಔಷಧದ ಹೆಸರು ಮಾತ್ರ ಒಂದೇ. ದಿನಾ ಎರಡನ್ನೂ ನುಂಗುತ್ತಿದ್ದರು.

ಅವಳು ತೋರಿಸಿದಾಗ ಡಾಕ್ಟರ್ ತಮೀಮ್ ಶಹಬ್ಬಾಸ್ ಎಂದರು. ಎರಡನ್ನೂ ತೆಗೆದುಕೊಳ್ಳಲು ಯಾರು ಹೇಳಿದರೆಂದು ಕೇಳು ಎಂದರು. ಅವಳು ಕೇಳಿದಳು.

"ನೀನೇ ಹೇಳಿದ್ದಲ್ವಾ" ಎಂದು ಜೆರಾಲ್ಡಂಕಲ್ ಅವಳನ್ನೇ ವಿಶ್ವಾಸದಿಂದ ನೋಡಿದರು.

ಆಗ ನೆನಪಾಯಿತು. ಈಸ್ಟರಿನ ಹಿಂದಿನ ದಿನ ಕೋಳಿಗೆ ಮಸಾಲೆ ಅರೆಯುತ್ತಿದ್ದಾಗ ಅವರ ಫೋನ್ ಬಂದಿತ್ತು, ಊರಿಂದ ಬಿಪಿ ಮಾತ್ರೆ ಬಂದಿದೆ, ತಗೊಳ್ಳಲಾ ಎಂದು. ಬಿಪಿದೇ ಅಲ್ವಾ, ತಗೊಳ್ಳಿ ಎಂದಿದ್ದಳು. ಬೇರೆ ಏನು ತೆಗೆದುಕೊಳ್ಳುತ್ತೀರಿ ಎಂದು ಕೇಳದೆ ಮಿಕ್ಸಿಯ ಕಡೆ ತಿರುಗಿದ್ದಳು.

ಯಾರೋ ಪಕ್ಕದ ಮನೆಯವರು ಹೇಳಿದರಂತೆ ಎಂದು ಅವಳು ಡಾಕ್ಟರಿಗೆ ದಾಟಿಸಿದಳು. ಹನ್ನೊಂದು ವರ್ಷದಲ್ಲಿ ಒಬ್ಬರ ಮಾತನ್ನು ತಿರುಚಿದ್ದು ಅದೇ ಮೊದಲು.

ಮರುದಿನ ಸಂಜೆ ಅವಳ ಮನೆಯಲ್ಲೇ ಕಟ್ಟಡದವರೆಲ್ಲ ಸೇರುವ ವಾರದ ಜಪಮಾಲೆ. ಪ್ರಾರ್ಥನೆ ಮುಗಿದು ಚಹಾ ಬರುವ ಮೊದಲೇ ಹೊಗಳಿಕೆ ಶುರುವಾಯಿತು. ಡಾಕ್ಟರಿಗೇ ಗೊತ್ತಾಗದ್ದು ನಮ್ಮ ಕ್ಲಾರಾಳಿಗೆ ಗೊತ್ತಾಯಿತು ಎಂದರು. ಇಷ್ಟೆಲ್ಲ ಗೊತ್ತಿರುವವಳಿಗೆ ಇನ್ನು ಕೋರ್ಸ್ ಯಾಕೆ ಎಂದು ಸೆಡ್ರಿಕ್ ಸಹ ಸೇರಿಸಿದ. ಕ್ಲಾರಾಳಿಗೆ ಮೈ ಉರಿಯಿತು. ಅವರ ಮೇಲೆ, ಅದಕ್ಕಿಂತ ಹೆಚ್ಚಾಗಿ ತನ್ನ ಮೇಲೆ. ಚಹಾದ ತಟ್ಟೆಯನ್ನು ಮೇಜಿನ ಮೇಲೆ ಕುಕ್ಕಿದಳು.

"ಅಂಕಲಿಗೆ ಆ ಮಾತ್ರೆ ತಗೊಳ್ಳಿ ಅಂತ ಹೇಳಿದ್ದು ನಾನೇ. ಅವ್ರು ಬಿದ್ದದ್ದು ನನ್ನಿಂದ. ನಾನು ನರ್ಸ್ ಅಲ್ಲ, ಟೋಕನ್ ಕೊಡುವವಳು."

ಜೆರಾಲ್ಡಂಕಲ್ ಒಂದು ಬಿಸ್ಕತ್ತನ್ನು ಚಹಾಕ್ಕೆ ಅದ್ದಿ ತಿಂದು, ಅಂಗಿಯ ಜೇಬಿಗೆ ಕೈ ಹಾಕಿದರು.

"ಅದು ಬಿಡು ಮಾರಾಯ್ತಿ, ಆದದ್ದು ಆಯ್ತು. ಈ ಮೊಣಗಂಟು ನೋವಿನ ಮಾತ್ರೆ ನಿನ್ನೆ ಊರಿಂದ ಬಂತು. ತಗೊಳ್ಬಹುದಾ, ನೋಡಿ ಹೇಳು."

ಅವರು ಚಾಚಿದ ಸ್ಟ್ರಿಪ್ಪನ್ನು ಕ್ಲಾರಾ ನೋಡಿದಳು. ಒಂದು ಮಾತ್ರೆ ಕೊಡಬೇಕಾದರೂ ಮೇಲಿನವರನ್ನು ಕೇಳಬೇಕು ಎಂದು ಪರ್ಲ್ ಹೀಯಾಳಿಸಿದ್ದು ನೆನಪಾಯಿತು. ಕೇಳಬೇಕಾದದ್ದೇ. ಯಾವಾಗ ಕೇಳಬೇಕು, ಏನು ಕೇಳಬೇಕು ಎಂಬುದನ್ನಾದರೂ ಯಾರಾದರೂ ಕಲಿಸಲಿ.

ಅವಳು ಹೋಗಿ ಫ್ರಿಜ್ಜಿನ ಮೇಲಿನ ಅರ್ಜಿಯನ್ನು ತಂದು, ಎಲ್ಲರ ನಡುವೆಯೇ ಕುಳಿತು, ಸ್ಟೇಸಿಯ ಹತ್ತಿರ ಪೆನ್ ಇಸಿದುಕೊಂಡಳು.

"ಇವತ್ತು ಡಾಕ್ಟರನ್ನು ಕೇಳಿ, ಅಂಕಲ್" ಎಂದಳು. "ನನ್ನನ್ನು ಒಂದೂವರೆ ವರ್ಷ ಬಿಟ್ಟು ಕೇಳಿ."