ಕಿಟಕಿಯ ಮೇಲಿನ ಕಾಗದದ ಗೂಡು

ನಮ್ಮತ್ತೆಯ ಪ್ರಕಾರ ನಾನು ಬಸುರಿ ಎಂದು ಗೊತ್ತಾದದ್ದು ಒಂದು ಶುಕ್ರವಾರ ಬೆಳಿಗ್ಗೆ, ಹಿತ್ತಲ ಕಿಟಕಿಯ ಸಜ್ಜಾದ ಕೆಳಗೆ. ಸಣ್ಣ ಸೊಂಟದ ಹುಳವೊಂದು ಬಾಯಲ್ಲಿ ಏನೋ ಉಂಡೆ ಕಚ್ಚಿಕೊಂಡು ಅಲ್ಲಿಗೆ ಹಾರಿದ್ದನ್ನು ಅವರು ಕಂಡಿದ್ದರು. ಕುಂಬಾರ ಹುಳ ಮನೆಯಲ್ಲಿ ಮಣ್ಣಿನ ಗೂಡು ಕಟ್ಟಿದರೆ ಆ ಮನೆಯ ಹೆಣ್ಣು ಬಸುರಿ ಎಂಬ ನಂಬಿಕೆ ನಮ್ಮ ಕಡೆ ಇದೆ. "ನಮ್ಮನ್ಯಾಗೆ ಕುಂಬಾರ ಹುಳ ಗೂಡು ಕಟ್ಟೈತೆ" ಎಂದು ಅವರು ಪಕ್ಕದ ಮನೆಯಾಕೆಗೆ ಹೇಳಿದರು. ನಾನು ಸಂಜೆ ಬಸ್ಸಿಳಿಯುವ ಹೊತ್ತಿಗೆ ವಿನೋಬನಗರದ ನಮ್ಮ ಅಡ್ಡರಸ್ತೆಗೆಲ್ಲ ಸುದ್ದಿ ಹಬ್ಬಿತ್ತು. ಗೊತ್ತಿಲ್ಲದವಳು ನಾನೊಬ್ಬಳೇ.

ದಾವಣಗೆರೆ ಆಗಷ್ಟೇ ಜಿಲ್ಲೆಯಾಗಿತ್ತು. ನನ್ನ ಮದುವೆಯಾಗಿ ಐದು ವರ್ಷ. ದಿನವೂ ಹರಿಹರಕ್ಕೆ ಹೋಗಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಗಂಡನಿಗೆ ಗುತ್ತೂರಿನ ಹತ್ತಿರ ಕಾರ್ಖಾನೆಯ ಕೆಲಸ. ಬಸ್ಸಿನಲ್ಲಿ ಪಕ್ಕ ಕೂತವರು ಕೂಡ "ವಿಶೇಷ ಏನಾದ್ರೂ ಐತೇನವಾ?" ಎಂದು ಕೇಳುತ್ತಿದ್ದರು. ನನ್ನ ಶಾಲೆಯ ಮಕ್ಕಳು ಆ ವರ್ಷ ಚೆನ್ನಾಗಿ ಪಾಸಾದದ್ದು ಅವರಿಗೆ ವಿಶೇಷವಲ್ಲ.

ಆ ಸಂಜೆಯಿಂದ ನನಗೆ ಬಿಸಿ ಅನ್ನಕ್ಕೆ ಎರಡು ಚಮಚ ತುಪ್ಪ. ನೀರಿನ ಕೊಡ ಎತ್ತುವಂತಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ನಾಲ್ಕು ದಿನ ಆ ತುಪ್ಪ ತಿಂದೆ. ಮುಟ್ಟು ಒಂದು ವಾರ ತಡವಾಗಿತ್ತು. ನನಗೂ ಆಸೆಯಿತ್ತು. ಆದ್ದರಿಂದ ಆ ಗೂಡಿನ ಕಡೆ ಕತ್ತೆತ್ತಿ ನೋಡಲೇ ಇಲ್ಲ.

ಐದನೆಯ ದಿನ ಮುಟ್ಟಾದೆ. ಬಚ್ಚಲಿನಲ್ಲಿ ಸದ್ದಿಲ್ಲದೆ ಅತ್ತು, ಮುಖ ತೊಳೆದುಕೊಂಡು, ಹಿತ್ತಲಿಗೆ ಸ್ಟೂಲು ಒಯ್ದು ಹತ್ತಿದೆ. ಮಣ್ಣೆಲ್ಲಿ ಬಂತು? ಒಂದು ಗಿಡ್ಡ ತೊಟ್ಟಿನಿಂದ ಬೂದುಬಣ್ಣದ ಗೂಡು ತಲೆಕೆಳಗಾಗಿ ನೇತಾಡುತ್ತಿತ್ತು. ಆರು ಮೂಲೆಯ ಕೋಣೆಗಳು, ಬಾಯಿ ತೆರೆದೇ ಇದ್ದವು. ಮೇಲೆ ಹತ್ತು ಹನ್ನೆರಡು ಕೆಂಗಂದು ಕಣಜಗಳು. ನಾವು ಬಟ್ಟೆ ಒಣಹಾಕುವ ಹಳೆಯ ಗಳದ ಮೇಲೆ ಕೂತು ಅವುಗಳಲ್ಲೊಂದು ಕಟ್ಟಿಗೆ ಕೆರೆಯುತ್ತಿತ್ತು. ಆ ನಾರನ್ನು ಎಂಜಲಿನಲ್ಲಿ ಅರೆದು ಕಾಗದ ಮಾಡುವ ಜಾತಿ ಇದು. ಅತ್ತೆಯ ಪೊರೆ ಬಂದ ಕಣ್ಣಿಗೆ ಕಾಗದ ಮಣ್ಣಾಗಿ ಕಂಡಿತ್ತು.

"ಅತ್ತೆ, ಇದು ಕುಂಬಾರ ಹುಳ ಅಲ್ಲ. ಅದು ಒಂಟಿಯಾಗಿ ಮಣ್ಣಲ್ಲಿ ಕಟ್ಟತೈತೆ. ಇವು ಗುಂಪಿನವು, ಕಾಗದದಲ್ಲಿ ಕಟ್ತಾವೆ. ಮತ್ತೆ, ನನಗೇನೂ ಆಗಿಲ್ಲ."

ಅವರದು ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವ ಮುಖ. ಆಮೇಲೆ ಮಗನನ್ನು ಕರೆದರು. "ಹಂಗಾದ್ರೆ ಅದ್ಯಾಕಪಾ ಇರಬೇಕು? ಸುಟ್ಟು ಹಾಕು."

ನನಗೆ ಕೋಪ ಬಂದದ್ದು ಆಗ. ನಿನ್ನೆಯವರೆಗೆ ಆ ಹುಳಗಳಿಗೆ ಕೈ ಮುಗಿಯುತ್ತಿದ್ದರು. ಹುಳ ಬದಲಾಗಿರಲಿಲ್ಲ, ಗೂಡು ಬದಲಾಗಿರಲಿಲ್ಲ. ಬಸಿರಿನ ಸುದ್ದಿ ತರಲಿಲ್ಲ ಎಂಬುದೊಂದೇ ಅದರ ತಪ್ಪು. ಇವತ್ತು ಇದನ್ನು ಸುಡಲು ಬಿಟ್ಟರೆ ಈ ಮನೆಯಲ್ಲಿ ನನಗೇ ಜಾಗವಿಲ್ಲ ಅನ್ನಿಸಿತು.

ಭಾನುವಾರ ಗಂಡ ಕೋಲಿಗೆ ಅರಿವೆ ಸುತ್ತಿ ಸೀಮೆಎಣ್ಣೆಯಲ್ಲಿ ಅದ್ದಿಕೊಂಡು ಬಂದರು. ಅಮ್ಮನ ಮಾತು ಮೀರದ, ನನ್ನ ಮಾತಿಗೂ ಹೆದರುವ ಮನುಷ್ಯ. ನಾನು ಆಗಲೇ ಗೂಡಿನ ಕೆಳಗೆ ಕುರ್ಚಿ ಹಾಕಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ.

"ಏಳೇ, ಕಚ್ತಾವೆ."

"ಕಚ್ಚಲಿ. ಸುಡೋದಾದ್ರೆ ನನ್ನ ಸೇರಿಸೇ ಸುಡ್ರಿ."

ಕೋಲಿನಿಂದ ಸೀಮೆಎಣ್ಣೆ ತೊಟ್ಟಿಕ್ಕಿತು. ಆ ವಾಸನೆಗೋ ಏನೋ ಒಂದು ಕಣಜ ಇಳಿದು ಬಂದು, ಇವಳು ನಮ್ಮವಳು ಎಂದು ನೋಡದೆ, ನನ್ನ ಹುಬ್ಬಿಗೇ ಕುಟುಕಿತು. ಪ್ರಾಣ ಹೋದಂತಾಯಿತು. ಆದರೂ ಏಳಲಿಲ್ಲ. ಒಂದು ಕಣ್ಣು ಮುಚ್ಚಿಹೋಗುತ್ತಿದ್ದರೂ ಇನ್ನೊಂದರಲ್ಲಿ ಮುಂದಿನ ಪೇಪರ್ ತಿದ್ದಿದೆ. ಗಂಡ ಕೋಲನ್ನು ಬಚ್ಚಲ ಹಿಂದೆ ಇಟ್ಟು ಮಂಡಕ್ಕಿ ತರಲು ಹೋದರು.

ಅತ್ತೆ ಸುಣ್ಣದ ಡಬ್ಬಿ ಹಿಡಿದು ಬಂದು ಹುಬ್ಬಿಗೆ ಸುಣ್ಣ ಹಚ್ಚಿದರು. ಬೈಯುತ್ತಲೇ ಹಚ್ಚಿದರು. ಆಮೇಲೆ ಹೋಗದೆ ಅಲ್ಲೇ ನಿಂತು ಕತ್ತೆತ್ತಿದರು. ಒಂದು ಕಣಜ ಅರೆದ ಕಂಬಳಿಹುಳದ ಮುದ್ದೆ ತಂದು ಕೋಣೆಯೊಳಗಿನ ಮರಿಗೆ ಉಣಿಸುತ್ತಿತ್ತು.

"ಅದು ತಾಯೇನೇ?"

"ಅಲ್ಲತ್ತೆ. ಮೊಟ್ಟೆ ಇಡೋದು ಒಂದೇ. ಉಳಿದವು ಕೆಲಸ ಮಾಡ್ತಾವೆ, ಮರಿ ಸಾಕ್ತಾವೆ."

"ಮೊಟ್ಟೆ ಇಡೋದು ಯಾವ್ದು?"

"ನೋಡಿದ್ರೆ ಗೊತ್ತಾಗಲ್ಲ. ಎಲ್ಲಾ ಒಂದೇ ಥರ ಇರ್ತಾವೆ."

ಅವರು ಬಹಳ ಹೊತ್ತು ನೋಡಿದರು. ಹುಡುಕುತ್ತಿದ್ದರು ಎಂದು ನನಗೆ ಗೊತ್ತಿತ್ತು.

"ಹಂಗಾದ್ರೆ ಬಂಜಿ ಯಾವ್ದು?"

"ಅದೂ ಗೊತ್ತಾಗಲ್ಲ" ಎಂದೆ.

ಅವರು ಸುಣ್ಣದ ಡಬ್ಬಿಯ ಮುಚ್ಚಳ ಹಾಕಿ ಒಳಗೆ ಹೋದರು. ಆ ದೀಪಾವಳಿಗೆ ಮನೆಗೆಲ್ಲ ಸುಣ್ಣ ಬಳಿದೆವು. ಬಳಿಯುವವನಿಗೆ ಅತ್ತೆಯೇ ಹಿತ್ತಲ ಕಿಟಕಿ ತೋರಿಸಿ ಹೇಳಿದರು: "ಅದೊಂದು ಸಜ್ಜಾ ಬಿಡಪಾ. ಅಲ್ಲಿ ನಮ್ಮ ಮನೇವು ಅದಾವೆ."